ಪರಿಚಯದಾರರ ಸಹಿ

ಕಾಕ್ಕನಾಡ್, ಕೊಚ್ಚಿ
19 ಜನವರಿ 2025

ದೊಡ್ಡಮ್ಮ,

ಈ ಭಾನುವಾರವೂ ನಿಮ್ಮ ಮುಖ ಕಾಣಿಸಲಿಲ್ಲ. ವೀಡಿಯೊ ಕಾಲ್ ಮಾಡಿದರೆ ಕಟ್ ಮಾಡುತ್ತೀರಿ. ಆಮೇಲೆ 'ಕ್ಯಾಮೆರಾ ಕೆಟ್ಟಿದೆ, ಕಾಗದ ಬರೆ, ಕನ್ನಡವಾದರೂ ಮರೆಯುವುದಿಲ್ಲ' ಎಂದು ಮೆಸೇಜ್ ಹಾಕುತ್ತೀರಿ. ಸರಿ, ಬರೆಯುತ್ತಿದ್ದೇನೆ. ಆದರೆ ಮಿಕ್ಸಿ ಕೆಟ್ಟರೆ ಮರುದಿನವೇ ಅಂಗಡಿಗೆ ಹೊತ್ತುಕೊಂಡು ಹೋಗುವವರು ನೀವು. ಒಂದು ಕ್ಯಾಮೆರಾ ಕೆಟ್ಟಿತೆಂದು ಡಿಸೆಂಬರಿನಿಂದ ಸುಮ್ಮನೆ ಕೂತಿದ್ದೀರಾ?

ನನಗೆ ಅನ್ನಿಸುವುದು ಇಷ್ಟೇ. ನಾನು ಪ್ಲಸ್ ಟೂ ಅರ್ಧಕ್ಕೆ ಬಿಟ್ಟು ಇಲ್ಲಿಗೆ ಬಂದದ್ದಕ್ಕೆ ನಿಮ್ಮ ಕೋಪ ಇಳಿದಿಲ್ಲ. ಕೋಪವಿದ್ದರೆ ಬೈಯಿರಿ. ಅಪ್ಪ ಅಮ್ಮ ವರ್ಗವಾಗಿ ಗುವಾಹಟಿಗೆ ಹೋದಾಗ ಉಳ್ಳೂರಿನ ಮನೆಯಲ್ಲಿ ನನ್ನನ್ನು ಇಟ್ಟುಕೊಂಡು ಸಾಕಿದವರು ನೀವು. ಬೈಯುವ ಹಕ್ಕು ನಿಮಗೇ ಹೆಚ್ಚು. ಸುಮ್ಮನಿದ್ದರೆ ಮಾತ್ರ ನನಗೆ ದಾರಿ ತಿಳಿಯುವುದಿಲ್ಲ.

ಕೆಲಸ ಏನೆಂದು ಕೇಳಿದ್ದಿರಿ. ಮೋಸ ಮಾಡುವುದು. ನಿಜವಾಗಿಯೂ. ನಮ್ಮ ಕಂಪನಿಯವರು 'ಮುಖಸಾಕ್ಷಿ' ಎಂಬ ಆ್ಯಪ್ ಮಾಡಿದ್ದಾರೆ. ಫೋನಿನ ಮುಂದೆ ಮುಖ ಹಿಡಿದರೆ, ಇವರು ಇಂಥವರೇ ಹೌದು, ಜೀವ ಇರುವ ಮನುಷ್ಯರೇ ಹೌದು ಎಂದು ಅದು ಹೇಳಬೇಕು. ವಲ್ಲಾರ್ಪಾಡಂ ಬಂದರಿನ ಲಾರಿ ಗುತ್ತಿಗೆದಾರರಿಂದ ಹಿಡಿದು ನಿವೃತ್ತರ ಸಂಘಗಳವರೆಗೆ ಎಲ್ಲರೂ ಕೊಳ್ಳುತ್ತಿದ್ದಾರೆ. ಫೋಟೊ, ವೀಡಿಯೊ, ಮುಖವಾಡ ಹಿಡಿದು ಅದನ್ನು ಏಮಾರಿಸುವುದು ನನ್ನ ದಿನದ ಕೆಲಸ. ಸುಳ್ಳು ಹೇಳಲು ಬಾರದೆ ಶಾಲೆಯಲ್ಲಿ ವಾರಕ್ಕೊಮ್ಮೆ ತರಗತಿಯ ಹೊರಗೆ ನಿಲ್ಲುತ್ತಿದ್ದವನಿಗೆ ಸಂಬಳ ಕೊಟ್ಟು ಸುಳ್ಳು ಹೇಳಿಸುತ್ತಿದ್ದಾರೆ.

ಮೊನ್ನೆ ನಮ್ಮ ಟೀಮಿನ ಹಿರಿಯರಾದ ಮೈಸೂರಿನ ವಿನಯ್ ಅವರ ಫೋಟೊವನ್ನು ಮುಖದಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಬಲಗಣ್ಣಿನ ಜಾಗವನ್ನು ಕತ್ತರಿಸಿ ತೆಗೆದು, ಹಿಂದಿನಿಂದ ನನ್ನ ಕಣ್ಣು ಇಟ್ಟು ಮಿಟುಕಿಸಿದೆ. ಹಸಿರು ಗುರುತು ಬಂದೇಬಿಟ್ಟಿತು! ವಿನಯ್ ತಮ್ಮ ಫೋಟೊವನ್ನೇ ನೋಡುತ್ತಾ ನಿಂತರು. "ಲೇ ಅಭಿ, ಇಷ್ಟು ದಿನ ನಾನು ಮನುಷ್ಯ ಅನ್ನೋಕೆ ಒಂದೇ ಕಣ್ಣು ಸಾಕಾಗಿತ್ತಾ?" ಎಂದರು. ಎಲ್ಲ ವಿವರವಾಗಿ ಕಂಪನಿಗೆ ಬರೆದು ಕೊಟ್ಟಿದ್ದೇನೆ.

ಉತ್ತರ ಬರೆಯಿರಿ, ಬೈಗುಳವಾದರೂ ಸರಿ.

ಅಭಿಜಿತ್


ಉಳ್ಳೂರ್, ತಿರುವನಂತಪುರ
28 ಜನವರಿ 2025

ಅಭಿ ಮಗಾ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ಆದರೆ ಒತ್ತಕ್ಷರ ತಪ್ಪಿಲ್ಲ, ಅಷ್ಟಾದರೂ ನಾನು ಕಲಿಸಿದ್ದು ಉಳಿದಿದೆ.

ಕೋಪ ಇಲ್ಲ. ಇತ್ತು, ಮೊದಲು. ಈಗ ಇಲ್ಲ. ಕ್ಯಾಮೆರಾ ನಿಜಕ್ಕೂ ಕೆಟ್ಟಿದೆ. ಎಲ್ಲದಕ್ಕೂ ಕಾರಣ ಹುಡುಕುವುದನ್ನು ಬಿಡು.

ನಮ್ಮ ಬ್ಯಾಂಕಿನ ನಿವೃತ್ತರ ಚಿಕಿತ್ಸಾ ಸಂಘದಲ್ಲೂ ಈಗ ನಿಮ್ಮ ಮುಖಸಾಕ್ಷಿಯೇ. ಆಸ್ಪತ್ರೆ ಕಾರ್ಡು ಚಾಲ್ತಿಯಲ್ಲಿರಬೇಕಾದರೆ ತಿಂಗಳಿಗೊಮ್ಮೆ ಕೌಂಟರಿಗೆ ಹೋಗಿ ಮುಖ ತೋರಿಸಬೇಕು. ಪಕ್ಕದ ಮನೆಯ ಹರಿಣಾಕ್ಷಿಗೆ ಡಿಸೆಂಬರಿನಲ್ಲಿ ಮುಖದ ನರ ಸೋತು, ಎಡಗಡೆ ಇಡೀ ಜೋತುಬಿದ್ದಿದೆ. ಆ ಕಡೆಯ ಕಣ್ಣು ಮುಚ್ಚುವುದಿಲ್ಲ. ಮೆಡಿಕಲ್ ಕಾಲೇಜಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕರೆಂಟ್ ಕೊಟ್ಟು ವ್ಯಾಯಾಮ ಮಾಡಿಸುತ್ತಾರೆ. ಮೊದಲ ಕೆಲವು ತಿಂಗಳು ತಪ್ಪದೆ ಹೋದರೆ ಮುಖ ಮೊದಲಿನಂತೆ ಆಗಬಹುದು, ಬಿಟ್ಟರೆ ಹಾಗೇ ನಿಂತುಬಿಡುತ್ತದೆ ಎಂದಿದ್ದಾರೆ. ಅವಳು ಹೆದರುತ್ತಲೇ ಸಂಘಕ್ಕೆ ಹೋಗಿ ಒಂದೇ ಕಣ್ಣು ಮಿಟುಕಿಸಿದಳು. ಹಸಿರು ಬಂತು. ಒಂದು ಯಂತ್ರವಾದರೂ ಏನೂ ಕೇಳದೆ ಒಪ್ಪಿಕೊಂಡಿತಲ್ಲ ಎಂದು ಅವಳಿಗೆ ಸಮಾಧಾನ.

ನೀನು ಬರೆದದ್ದನ್ನು ಓದಿದಾಗ ಅವಳ ನೆನಪಾಯಿತು, ಅಷ್ಟೆ. ಊಟಕ್ಕೆ ಹೊರಗಿನದ್ದೇ ತಿನ್ನಬೇಡ.

ದೊಡ್ಡಮ್ಮ


ಕಾಕ್ಕನಾಡ್
9 ಫೆಬ್ರವರಿ 2025

ದೊಡ್ಡಮ್ಮ,

ನನ್ನ ಹೆಸರಿನಲ್ಲಿ ಒಂದು ನಿಯಮ ಹುಟ್ಟಿದೆ. ಇನ್ನು ಮೇಲೆ ಎರಡೂ ಕಣ್ಣು ಒಟ್ಟಿಗೆ ಮುಚ್ಚಬೇಕು. ನಕ್ಕಾಗ ಬಾಯಿಯ ಎರಡೂ ತುದಿ ಮೇಲೇರಬೇಕು. ಇಲ್ಲವಾದರೆ ಕೆಂಪು. ಆಫೀಸಿನಲ್ಲಿ ಇದಕ್ಕೆ 'ಅಭಿಜಿತ್ ರೂಲ್' ಎನ್ನುತ್ತಾರೆ. ಚಹಾದ ಜೊತೆ ಪರಿಪ್ಪುವಡೆ ತರಿಸಿದರು. ಪರೀಕ್ಷೆಯಲ್ಲಿ ಯಾವತ್ತೂ ಯಾರೂ ನನಗೆ ವಡೆ ಕೊಡಿಸಿರಲಿಲ್ಲ.

ಅದರ ಫಲವೂ ಕಾಣಿಸಿತು. ಒಂದು ಸೊಸೈಟಿಯಲ್ಲಿ ತೀರಿಹೋದ ಸದಸ್ಯರೊಬ್ಬರ ಕಾರ್ಡಿನ ಮೇಲೆ ಯಾರೋ ಔಷಧಿ ತೆಗೆದುಕೊಂಡು ಹೊರಗೆ ಮಾರುತ್ತಿದ್ದರು. ಒಂದು ಕಣ್ಣಿನ ಫೋಟೊ, ನಾನು ಮಾಡಿದ ಹಾಗೆಯೇ. ಹೊಸ ನಿಯಮ ಬಂದ ವಾರವೇ ಸಿಕ್ಕಿಬಿದ್ದರು. ಸತ್ತವರನ್ನು ಸತ್ತಿದ್ದಾರೆಂದು ಒಪ್ಪಿಸಲು ನನ್ನಂಥ ಫೇಲಾದವನು ಬೇಕಾಯಿತು ನೋಡಿ.

ಹರಿಣಾಕ್ಷಿ ಅತ್ತೆಗೆ ಹುಷಾರಾಯಿತೇ? ಅವರ ಬಗ್ಗೆ ಓದಿದಾಗ ಒಂದು ಕ್ಷಣ ಏನೋ ಚುಚ್ಚಿದಂತಾಯಿತು. ಆದರೆ ನರ ಸೋತವರು ಎಷ್ಟು ಜನ ಇರುತ್ತಾರೆ ಎಂದುಕೊಂಡು ಸುಮ್ಮನಾದೆ. ಸುಮ್ಮನಾದದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಆದದ್ದನ್ನು ಬರೆದಿದ್ದೇನೆ.

ಅಭಿ


ಉಳ್ಳೂರ್
24 ಫೆಬ್ರವರಿ 2025

ಅಭಿ,

ನಿನ್ನ ನಿಯಮ ಇಲ್ಲಿಗೂ ಬಂದಿದೆ. ಶುಕ್ರವಾರ ಹರಿಣಾಕ್ಷಿಯ ಜೊತೆ ಸಂಘಕ್ಕೆ ಹೋಗಿದ್ದೆ. ಕೌಂಟರಿನ ಹುಡುಗಿ ಟ್ಯಾಬ್ ಹಿಡಿದು, "ಅಮ್ಮೇ, ಒನ್ನು ಚಿರಿಕ್ಕೂ," ಒಂದು ಸಲ ನಗಿ ಎಂದಳು. ಹರಿಣಾಕ್ಷಿ ನಕ್ಕಳು. ಕೆಂಪು. ಹುಡುಗಿ ತಲೆ ಎತ್ತದೆ ಇನ್ನೊಮ್ಮೆ ಅದನ್ನೇ ಅಂದಳು. "ಚಿರಿಚ್ಚಲ್ಲೋ ಮೋಳೇ," ನಕ್ಕೆನಲ್ಲ ಮಗಳೇ ಎಂದಳು ಹರಿಣಾಕ್ಷಿ. ಹುಡುಗಿ ಆಗಲೂ ನೋಡಿದ್ದು ಟ್ಯಾಬನ್ನೇ. ಎದುರಿಗಿದ್ದ ಮುಖವನ್ನಲ್ಲ. ಹಿಂದೆ ಸಾಲಿನಲ್ಲಿದ್ದ ಒಬ್ಬ ಗಂಡಸು, ಬೇಗ ನಗಿ, ನಮಗೂ ಮನೆಗೆ ಹೋಗಬೇಕು ಎಂದ. ನಾಲ್ಕು ಜನ ನಕ್ಕರು. ಅವರೆಲ್ಲರ ಬಾಯಿಯ ಎರಡೂ ತುದಿ ಸರಿಯಾಗಿಯೇ ಮೇಲೇರಿತು.

ಮೂರನೇ ಸಲ ಕೆಂಪು ಬಂದಾಗ ಕಾರ್ಡಿಗೆ ಬೀಗ ಬಿತ್ತು. ಹೆಸರಿನ ಮುಂದೆ 'ಬೇರೆಯವರು ಬಳಸಿರುವ ಸಂಶಯ' ಎಂದು ಬಂದಿದೆ. ತನ್ನ ಮುಖವನ್ನು ತಾನೇ ಕದ್ದ ಹಾಗೆ.

ನಿನ್ನನ್ನು ದೂರುತ್ತಿಲ್ಲ. ಅಂಥವರಿಗೆ ಏನಾದರೂ ದಾರಿ ಇದೆಯೇ ಎಂದು ಕೇಳಿ ಹೇಳು. ಕಣ್ಣು ಉರಿಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ದೊಡ್ಡಮ್ಮ


ಕಾಕ್ಕನಾಡ್
2 ಮಾರ್ಚ್ 2025

ದೊಡ್ಡಮ್ಮ,

ವಿನಯ್ ಅವರನ್ನು ಕೇಳಿದೆ. "ನೋಡು ಗುರು, ನಿಜವಾದ ಅಜ್ಜಿಗೆ ಅಂತ ಒಂದು ಬಾಗಿಲು ತೆಗೆದ್ರೆ ಕಳ್ಳನೂ ಅದೇ ಬಾಗಿಲಲ್ಲಿ ಬರ್ತಾನೆ" ಎಂದರು. ತೀರಿಹೋದ ಸದಸ್ಯರ ಪ್ರಕರಣದಲ್ಲಿ ಆದದ್ದು ಅದೇ ಅಲ್ಲವೇ?

ಈಗ ನನಗೆ ಇನ್ನೊಂದು ಕೆಲಸವೂ ಇದೆ. ಕೆಂಪು ಬಂದವರ ವೀಡಿಯೊ ನೋಡಿ, ಮೋಸ ಹೌದೋ ಅಲ್ಲವೋ ಎಂದು ಗುಂಡಿ ಒತ್ತುವುದು. ಇಡೀ ಮುಖ ನಮಗೆ ಕಾಣಿಸುವುದಿಲ್ಲ. ಅದು ಅವರ ಖಾಸಗಿ ವಿಷಯವಲ್ಲವೇ? ಕಣ್ಣುಗಳ ಒಂದು ತುಂಡು, ಬಾಯಿಯ ಒಂದು ತುಂಡು, ಅಷ್ಟೇ ಕಾಣುವುದು. ಹೆಸರಿಲ್ಲ, ಊರಿಲ್ಲ. ಒಂದೇ ಕಣ್ಣು ಮಿಟುಕಿಸಿದವರು ಬಹಳ ಜನ ಬಂದರು. ಎಲ್ಲರಿಗೂ 'ಮೋಸ' ಎಂದೇ ಒತ್ತಿದೆ. ನನ್ನ ನಿಯಮದ ಪ್ರಕಾರ ಅದೇ ಸರಿ.

ಹೇಳಬೇಕಾದದ್ದನ್ನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹರಿಣಾಕ್ಷಿ ಅತ್ತೆಯ ಕಾರ್ಡನ್ನು ಮನೆಯಲ್ಲಿ ಬೇರೆ ಯಾರಾದರೂ ಬಳಸುತ್ತಿರಬಹುದೇ? ಅವರಿಗೇ ತಿಳಿಯದೆ? ಒಮ್ಮೆ ವಿಚಾರಿಸಿ. ಹಾಗೇನೂ ಇಲ್ಲವಾದರೆ ಕನ್ನಡಿಯ ಮುಂದೆ ಅಭ್ಯಾಸ ಮಾಡಲು ಹೇಳಿ. ಮನಸ್ಸು ಮಾಡಿದರೆ ಕಣ್ಣು ಸ್ವಲ್ಪವಾದರೂ ಮುಚ್ಚುತ್ತದೆ.

ಅಭಿ


ಉಳ್ಳೂರ್
8 ಮಾರ್ಚ್ 2025

ಅಭಿಜಿತ್,

ಕನ್ನಡಿಯ ಮುಂದೆ ಅಭ್ಯಾಸ ಆಯಿತು. ಮನಸ್ಸು ಮಾಡಿಯೂ ಆಯಿತು.

ಹರಿಣಾಕ್ಷಿ ಇನ್ನು ಆಸ್ಪತ್ರೆಗೆ ಹೋಗುವುದಿಲ್ಲವಂತೆ. ಕೈಯಿಂದ ಖರ್ಚು ಮಾಡಿ ಹೋಗಬಹುದು. ಆದರೆ ಅಲ್ಲಿಯ ಕೌಂಟರಿನಲ್ಲೂ ಹೆಸರು ಒತ್ತಿದರೆ ಅದೇ ಸಂಶಯ ಕಾಣಿಸುತ್ತದೆ. ಬದುಕಿಡೀ ಬೇರೆಯವರ ಹಣ ಕಾಯ್ದವಳಿಗೆ ಅದನ್ನು ಹೊತ್ತು ನಿಲ್ಲಲು ಆಗುವುದಿಲ್ಲವಂತೆ. ಮುಖ ಹೀಗೇ ನಿಂತರೆ ನಿಲ್ಲಲಿ ಎಂದಿದ್ದಾಳೆ.

ಇನ್ನು ಈ ವಿಷಯ ಬರೆಯಬೇಡ.

ರಾಜೀವಿ


ಕಾಕ್ಕನಾಡ್
16 ಮಾರ್ಚ್ 2025

ದೊಡ್ಡಮ್ಮ,

ಬರೆಯಬೇಡ ಎಂದಿದ್ದಿರಿ, ಬರೆಯುತ್ತಿದ್ದೇನೆ. ನೀವು ಯಾವತ್ತೂ ನನಗೆ 'ರಾಜೀವಿ' ಎಂದು ಸಹಿ ಹಾಕಿದವರಲ್ಲ. ಹರಿಣಾಕ್ಷಿ ಅತ್ತೆಯ ಬಗ್ಗೆ ನಾನು ಬರೆದದ್ದು ಅತಿಯಾಯಿತು ಎಂದುಕೊಂಡು, ಅವರಲ್ಲೇ ಕ್ಷಮೆ ಕೇಳೋಣವೆಂದು ಶುಕ್ರವಾರ ಫೋನ್ ಮಾಡಿದೆ.

"ಅತ್ತೆ, ಕಣ್ಣು ಹೇಗಿದೆ?"

"ನನ್ನ ಕಣ್ಣಿಗೆ ಎಂತ ಆಗಿದೆ ಮಾರಾಯ? ನಿನ್ನೆ ಪೊಂಗಾಲದ ಹೊಗೆಗೆ ಸ್ವಲ್ಪ ಉರಿ, ಅಷ್ಟೆ. ದೇವಿಗೆ ಪಾಯಸ ಬೇಯಿಸ್ಲಿಕ್ಕೆ ಊರಿಡೀ ರಸ್ತೆಯಲ್ಲಿ ಒಲೆಯಲ್ವಾ."

"ಕಾರ್ಡಿಗೆ ಬೀಗ ಬಿದ್ದಿದೆಯಂತಲ್ಲ?"

"ಯಾರ ಕಾರ್ಡು? ಬೀಗ ಬಿದ್ದದ್ದು ರಾಜೀವಿದು. ಪಾಪ, ಈ ಸಲ ಪೊಂಗಾಲಕ್ಕೆ ಒಲೆಯೂ ಇಡ್ಲಿಲ್ಲ ಅವಳು. ಮುಚ್ಚದ ಕಣ್ಣಿಗೆ ಹೊಗೆ ತಾಗಬಾರ್ದು ಅಂತ ಡಾಕ್ಟ್ರು... ನಿಂಗೆ ಗೊತ್ತುಂಟಲ್ಲ?"

"ಮುಚ್ಚದ ಕಣ್ಣು?" ಎಂದೆ.

"ಅಯ್ಯೋ ದೇವರೇ. ನಾನು ಹೇಳಿದ್ದು ಅಂತ ಅವಳಿಗೆ ಹೇಳ್ಬೇಡ, ಆಯ್ತಾ?"

"ಹೇಳುತ್ತೇನೆ ಅತ್ತೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ."

"ಹಾಳಾದವನೇ!" ಎಂದು ಫೋನ್ ಇಟ್ಟರು.

ದೊಡ್ಡಮ್ಮ, ನಾನು 'ಮೋಸ' ಎಂದು ಒತ್ತಿದ ತುಂಡುಗಳಲ್ಲಿ ಒಂದು ನಿಮ್ಮದು. ನಿನ್ನೆ ಆಫೀಸಿಗೆ ಹೋಗಿ ಎಲ್ಲವನ್ನೂ ಮತ್ತೆ ನೋಡಿದೆ. ದಿನವೂ ಊಟಕ್ಕೆ ಎದುರು ಕೂತು ನೋಡಿದ ಕಣ್ಣು, ದಿನವೂ ಬೈಯಿಸಿಕೊಂಡ ಬಾಯಿ. ಇದಿರಬಹುದು ಅನ್ನಿಸುತ್ತದೆ, ಮುಂದಿನದನ್ನು ನೋಡಿದರೆ ಅದೂ ಇರಬಹುದು ಅನ್ನಿಸುತ್ತದೆ. ಯಾವುದು ನೀವೆಂದು ನನಗೆ ಗೊತ್ತಾಗಲೇ ಇಲ್ಲ. ಯಂತ್ರಕ್ಕೆ ಗುರುತು ಸಿಗಲಿಲ್ಲವೆಂದು ಬೈಯೋಣವೆಂದರೆ ನನಗೂ ಸಿಗಲಿಲ್ಲ.

ಇನ್ನೊಂದು ವಿಷಯ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಫೋಟೊದಲ್ಲಿ ಎರಡು ಕಣ್ಣನ್ನೂ ಬಾಯಿಯನ್ನೂ ಕತ್ತರಿಸಿ, ಹಿಂದಿನಿಂದ ನಾನು ಎರಡೂ ಕಣ್ಣು ಮಿಟುಕಿಸಿ ನಕ್ಕರೆ ಹೊಸ ನಿಯಮವೂ ಹಸಿರು ಕೊಡುತ್ತದೆ. ವಿನಯ್ ಫೋಟೊ ಹಿಡಿದು ಮಾಡಿ ನೋಡಿದೆ. ನಿಮ್ಮ ನಿವೃತ್ತಿಯ ದಿನದ ಫೋಟೊ ನನ್ನ ಬಳಿ ಇದೆ. ಕತ್ತರಿ ತೆಗೆದುಕೊಂಡರೆ ನಿಮ್ಮ ಕಾರ್ಡಿನ ಬೀಗ ಇಲ್ಲಿಯ ಆಫೀಸಿನ ಫೋನಿನಿಂದಲೇ ತೆಗೆಯಬಹುದು. ನಾನು ನೀವಾಗಬಲ್ಲೆ. ನೀವು ನೀವಾಗಲಾರಿರಿ. ಇದೇನೆಂದು ನನಗೆ ಅರ್ಥವಾಗುತ್ತಿಲ್ಲ. ಸುಳ್ಳು ಮಾಡಿದರೆ ನಿಮ್ಮ ಮುಖ ಸರಿಹೋಗುತ್ತದೆ. ನಾನು ನಿಜ ಹೇಳಿದ್ದಕ್ಕೇ ಅದರ ಚಿಕಿತ್ಸೆ ನಿಂತದ್ದು.

ಮಾಡಲೇ? ನೀವೇ ಹೇಳಿ.

ಅಭಿ


ಉಳ್ಳೂರ್
20 ಮಾರ್ಚ್ 2025

ಅಭಿ,

ಹರಿಣಾಕ್ಷಿಯ ನಾಲಿಗೆಗೆ ಯಾವ ಬೀಗವೂ ಇಲ್ಲ.

ಹೌದು, ನಾನೇ. ಮೊದಲ ವಾರ ಸಾರು ಕುಡಿದರೆ ಬಾಯಿಯ ಬದಿಯಿಂದ ಇಳಿಯುತ್ತಿತ್ತು. ಮಲಗುವಾಗ ಕಣ್ಣಿಗೆ ಪಟ್ಟಿ ಅಂಟಿಸಿಕೊಳ್ಳಬೇಕು. ಅದನ್ನೆಲ್ಲ ನೀನು ಫೋನಿನಲ್ಲಿ ನೋಡಿ ಕೆಲಸ ಬಿಟ್ಟು ಓಡಿಬರುವುದು ಬೇಡವಾಗಿತ್ತು. ಒಂದು ಶಾಲೆ ಬಿಟ್ಟಾಗಿದೆ, ಸಾಕು. ಅದಲ್ಲದೆ ನನಗೂ ಸ್ವಲ್ಪ ಜಂಬ ಇತ್ತು ಎಂದಿಟ್ಟುಕೋ. ಬ್ಯಾಂಕಿನಲ್ಲಿ ಬೇರೆ ಕೌಂಟರು ಖಾಲಿ ಇದ್ದರೂ ಜನ ರಾಜೀವಿ ಮೇಡಂ ಸಾಲಿಗೇ ಬರುತ್ತಿದ್ದರು.

ನನ್ನ ಫೋಟೊಕ್ಕೆ ಕತ್ತರಿ ಹಾಕಿದರೆ ಜಾಗ್ರತೆ. ನನ್ನ ಕಣ್ಣಿರುವ ಜಾಗದಲ್ಲಿ ನಿನ್ನ ಕಣ್ಣಿಟ್ಟು ಪಡೆದ ಚಿಕಿತ್ಸೆ ನನಗೆ ಬೇಡ. ಆಗ ಆ ಸಂಶಯವೇ ನಿಜವಾಗುತ್ತದೆ.

ಬೇರೆ ದಾರಿ ಇದೆ. ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಪರಿಚಯದಾರರು ಬೇಕಿತ್ತು. ಈ ಮನುಷ್ಯ ನನಗೆ ಗೊತ್ತು ಎಂದು ಗೊತ್ತಿರುವ ಇನ್ನೊಬ್ಬರು ಸಹಿ ಹಾಕಬೇಕು. ಎಷ್ಟೋ ಮೀನು ಮಾರುವ ಹೆಂಗಸರ ಖಾತೆಗಳನ್ನು ಹಾಗೆ ತೆರೆದಿದ್ದೇನೆ. ಮೊನ್ನೆ ಸಂಘದ ಕಾರ್ಯದರ್ಶಿ ನಟರಾಜ ಪಿಳ್ಳೆಯವರ ಮುಂದೆ ಹೋಗಿ ಕೂತು ನಿಯಮಾವಳಿ ತೆಗೆಸಿದೆ. ಆ ಹಳೆಯ ಕಲಮನ್ನು ತೆಗೆದುಹಾಕಲು ಇವರು ಮರೆತಿದ್ದಾರೆ. ಪರಿಚಯದಾರರ ಸಹಿ ಇದ್ದರೆ ಕಾರ್ಯದರ್ಶಿ ಬೀಗ ತೆಗೆಯಬಹುದು. ಆದರೆ ಸಹಿ ಹಾಕುವವರು ಕಾರ್ಡಿನಲ್ಲಿ 'ಹತ್ತಿರದವರು' ಎಂದು ಬರೆಸಿದವರೇ ಆಗಿರಬೇಕು. ಹರಿಣಾಕ್ಷಿ ಆಗುವುದಿಲ್ಲ.

ನಾನು ಬರೆಸಿದ್ದು ನಿನ್ನ ಹೆಸರು. ನಿನಗೆ ಹೇಳಿರಲಿಲ್ಲ.

ಕಾಗದ ಇದರೊಳಗಿದೆ. ಸಹಿ ಹಾಕಿ ಕೂಡಲೇ ಅಂಚೆಗೆ ಹಾಕು. ಬರುವುದು ಬೇಡ.

ದೊಡ್ಡಮ್ಮ


ಕಾಕ್ಕನಾಡ್
23 ಮಾರ್ಚ್ 2025

ದೊಡ್ಡಮ್ಮ,

ಸಹಿ ಹಾಕಲು ಪೆನ್ನು ತೆಗೆದೆ. ಸಹಿಯ ಮೇಲಿನ ಸಾಲು ಓದಿದೆ. 'ಮೇಲ್ಕಂಡ ಸದಸ್ಯರನ್ನು ಈಗಿನ ಸ್ಥಿತಿಯಲ್ಲಿ ನಾನು ಮುಖತಃ ನೋಡಿ ಗುರುತಿಸಿದ್ದೇನೆ' ಎಂದಿದೆ. ನಾನು ನೋಡಿಲ್ಲ. ಪೆನ್ನು ಕೆಳಗಿಟ್ಟೆ.

ನೀವು ಬೈಯುತ್ತೀರೆಂದು ಗೊತ್ತು. ನಿಮ್ಮ ಅಕ್ಷರ ಗೊತ್ತು, ಬೈಗುಳ ಗೊತ್ತು, ಸಾರಿಗೆ ಎಷ್ಟು ಹುಳಿ ಹಾಕುತ್ತೀರೆಂದು ಗೊತ್ತು. ಆದರೆ ಕಾಗದ ಕೇಳುವುದು ಅದನ್ನಲ್ಲ. ನೋಡದೆ ಸಹಿ ಹಾಕಿದರೆ ನಾನೂ ಫೋಟೊದ ಹಿಂದೆ ನಿಂತ ಕಣ್ಣೇ ಆಗುತ್ತೇನೆ. ರಾತ್ರಿಯಿಡೀ ಯೋಚಿಸಿದೆ. ನಿಮ್ಮ ಮುಖಕ್ಕಿಂತ ನನ್ನ ಹಟ ದೊಡ್ಡದೇ ಎಂದು ನನ್ನನ್ನೇ ಕೇಳಿಕೊಂಡೆ. ಆದರೂ ಸಹಿ ಮಾತ್ರ ಆಗುತ್ತಿಲ್ಲ.

ಕತ್ತರಿಯ ಉಪಾಯವನ್ನು ವಿನಯ್ ಅವರಿಗೆ ಬರೆದು ಕೊಟ್ಟೆ. ನಿಮ್ಮದನ್ನೂ ಸೇರಿಸಿ ನರ ಸೋತವರ ವಿಷಯವನ್ನೂ ಬರೆದೆ. ಅವರನ್ನೆಲ್ಲ ನಾನೇ ಮೋಸಗಾರರೆಂದು ಒತ್ತಿದ್ದೇನೆ, ಅದನ್ನು ಅಳಿಸಿ, ಮನುಷ್ಯರೇ ಎದುರು ಕೂತು ನೋಡುವ ಒಂದು ದಾರಿ ಇಡಿ ಎಂದೆ. ಅವರು ತಲೆ ಮೇಲೆ ಕೈ ಹೊತ್ತು, "ಬಾಯ್ ಮುಚ್ಕೊಂಡಿದ್ದಿದ್ರೆ ನಿಮ್ಮ ದೊಡ್ಡಮ್ಮಂದು ಹಂಗೇ ಆಗ್ಹೋಗ್ತಿತ್ತಲ್ಲೋ! ಈಗ ಆ ಬಾಗಿಲೂ ಹೋಯ್ತು" ಎಂದರು. ಮೀಟಿಂಗಿನಲ್ಲಿ ಇಡುತ್ತಾರಂತೆ. ಅದು ಯಾವ ಮೀಟಿಂಗೋ, ಯಾವಾಗಲೋ.

ಹಾಗಾಗಿ ಉಳಿದಿರುವುದು ಈ ಕಾಗದ ಒಂದೇ. ನನ್ನನ್ನು ಬರಲು ಬಿಡಿ.

ಇನ್ನೊಂದು ಮಾತು, ಬರೆಯಬಾರದಿತ್ತು. ನನಗೆ ಭಯವಾಗುತ್ತಿದೆ. ತುಂಡುಗಳಲ್ಲಿ ನಿಮ್ಮನ್ನು ಹುಡುಕಲು ಆಗದವನು ನಾನು. ಎದುರಿಗೆ ಬಂದು ನಿಂತಾಗಲೂ ಗುರುತು ಸಿಗದಿದ್ದರೆ? ಇವರು ಯಾರೋ ಎಂದು ಒಂದು ಕ್ಷಣ ಅನ್ನಿಸಿಬಿಟ್ಟರೆ? ಆಗಲೂ ನಾನು ಸಹಿ ಹಾಕಲಾರೆ.

ಅಭಿ


ಉಳ್ಳೂರ್
26 ಮಾರ್ಚ್ 2025

ಅಭಿ ಮಗಾ,

ನಿನ್ನ ಕಾಗದ ಓದಿ, ಇವನನ್ನು ಸಾಕಿದ್ದು ನಾನೇ ಹೌದೋ ಎಂದು ನನಗೇ ಸಂಶಯ ಬಂತು. ಒಂದು ಸಹಿ ಹಾಕು ಎಂದರೆ ನನ್ನನ್ನೇ ಪರೀಕ್ಷೆಗೆ ಕೂರಿಸುತ್ತಿದ್ದೀಯ. ಕಾಗದವನ್ನು ಅಡುಗೆಮನೆಯಲ್ಲೇ ಬಿಟ್ಟು ಹೊರಗೆ ಬಂದು ಕೂತೆ. ಹರಿಣಾಕ್ಷಿ ಬಂದಳು. ಅವಳಿಗೂ ಓದಿ ಹೇಳಿದೆ. "ಬರ್ಲಿ ಮಾರಾಯ್ತಿ. ನಾವೆಲ್ಲ ದಿನಾ ನೋಡ್ತಾ ಇಲ್ವಾ? ಅವ ಒಬ್ಬ ಹೆಚ್ಚಾ?" ಎಂದಳು. ಹೆಚ್ಚು ಎಂದೆ. ಅದಕ್ಕೇ ಕಷ್ಟ.

ನನಗೂ ನಿನ್ನದೇ ಭಯ. ಬೆಳಿಗ್ಗೆ ಕನ್ನಡಿ ನೋಡಿದಾಗ ಒಂದು ಕ್ಷಣ ನನಗೂ ಹಾಗೇ ಆಗುತ್ತದೆ. ಇದನ್ನು ಹರಿಣಾಕ್ಷಿಗೂ ಹೇಳಿಲ್ಲ.

ಶನಿವಾರ ಬೆಳಗಿನ ರೈಲಿಗೆ ಬಾ. ಪರಿಚಯದಾರರ ಕಾಗದ ಮರೆಯಬೇಡ. ನಟರಾಜ ಪಿಳ್ಳೆಯವರು ಮಧ್ಯಾಹ್ನದವರೆಗೆ ಸಂಘದಲ್ಲಿ ಇರುತ್ತಾರೆ. ನನ್ನ ಮುಖ ಈಗ ಹೇಗಿದೆ ಎಂದು ಬರುವ ಮೊದಲು ಯಾರನ್ನೂ ಕೇಳಿಕೊಂಡು ಸಿದ್ಧವಾಗಿ ಬರಬೇಡ.

ಬಾಗಿಲು ನಾನೇ ತೆರೆಯುತ್ತೇನೆ. ಕಪ್ಪು ಕನ್ನಡಕ ಹಾಕುವುದಿಲ್ಲ, ಸೆರಗೂ ಮುಚ್ಚುವುದಿಲ್ಲ. ನಿನ್ನನ್ನು ನೋಡಿ ನಗುತ್ತೇನೆ. ಆಗ ಮುಖದ ಒಂದು ಕಡೆ ಮಾತ್ರ ಮೇಲೇರುತ್ತದೆ, ಇನ್ನೊಂದು ಕಡೆ ಯಾರನ್ನೋ ಗದರಿಸುವ ಹಾಗೆ ನಿಂತಿರುತ್ತದೆ. ಅವಸರ ಮಾಡಬೇಡ, ನಿಂತು ನೋಡು. ಅದು ನಗು ಎಂದು ನಿನಗೆ ಗೊತ್ತಾದರೆ ಸಹಿ ಹಾಕು. ಗೊತ್ತಾಗದಿದ್ದರೆ ಹಾಕಬೇಡ, ಊಟ ಮಾಡಿಕೊಂಡು ಹೋಗು.

ದೊಡ್ಡಮ್ಮ